ಬಣ್ಣ ಆಮೇಲೆ, ಮೊದಲು ಬುಡ ನೋಡು

ಪುಟ್ಟಿ, ಕೀಕ್ಯಾಪ್ ಸೆಟ್ ಆರಿಸುವಾಗ ಎಲ್ಲರ ಕಣ್ಣೂ ಬಣ್ಣದ ಮೇಲೆ. ತಪ್ಪೇನಿಲ್ಲ, ದಿನವಿಡೀ ಕಣ್ಣೆದುರು ಇರುವ ವಸ್ತು ಚೆಂದ ಇರಲೇಬೇಕು. ಆದರೆ “ಇದು ನನ್ನ ಕೀಬೋರ್ಡಿಗೆ ಕೂರುತ್ತಾ ಮಾವ?” ಅಂತ ಕೇಳಿದ್ದಕ್ಕೆ ಹೂಂ ಅಥವಾ ಊಹೂಂ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಸ್ವಿಚ್ಚಿನ ತಲೆ ಕೀಕ್ಯಾಪಿನ ತೂತಿಗೆ ಹೊಂದಿದರೆ ಅರ್ಧ ಕೆಲಸ ಆಯಿತು ಅಷ್ಟೆ. ಗುಂಡಿಗಳ ಅಗಲ ನಿನ್ನ ಬೋರ್ಡಿನ ಜಾಗಕ್ಕೆ ಸರಿಹೋಗಬೇಕು. ಒತ್ತಿದಾಗ ಎಲ್ಲಿಯೂ ತಾಗದೆ ಪೂರ್ತಿ ಕೆಳಗಿಳಿಯಬೇಕು. ಅಂಗಡಿಯಲ್ಲಿ ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ. ದುಡ್ಡು ಹಾಳಾಗುವುದು ಹೆಚ್ಚಾಗಿ ಎರಡನೆಯದರಲ್ಲಿ. ಕಂಪ್ಯೂಟರ್ ರಿಪೇರಿ ಮಾಡಿಕೊಂಡೇ ಕೂದಲು ನರೆತವನು ನಾನು, ತಿಳಿದದ್ದನ್ನು ಬಿಡಿಬಿಡಿಯಾಗಿ ಬರೆದಿದ್ದೇನೆ. ಒಂದೇ ಉಸಿರಿಗೆ ಓದಬೇಕಿಲ್ಲ.

• ಮೊದಲು ಒಂದು ಗುಂಡಿ ಕಿತ್ತು ನೋಡು. ಅಕ್ಷರದ ಗುಂಡಿ ಯಾವುದಾದರೂ ಆಗಬಹುದು, ಸ್ಪೇಸ್‌ಬಾರ್ ಮಾತ್ರ ಬೇಡ, ಅದರ ಕಥೆ ಬೇರೆಯೇ ಇದೆ. ಕೆಳಗೆ ಸ್ವಿಚ್ಚಿನ ತಲೆ ಕಾಣುತ್ತದೆ. ಅದಕ್ಕೆ ಸ್ಟೆಮ್ ಅನ್ನುತ್ತಾರೆ. ಸುಮಾರು 4 ಮಿ.ಮೀ. ಉದ್ದಗಲದ ಕೂಡುವ ಗುರುತಿನ ಆಕಾರ ಇದ್ದರೆ ನಿನ್ನದು ಎಂಎಕ್ಸ್ ಜಾತಿ. ಮಾರುಕಟ್ಟೆಯ ಬಹುಪಾಲು ಕೀಕ್ಯಾಪ್‌ಗಳು ಮಾಡಿರುವುದೇ ಇದಕ್ಕೆ.

• ಈ ಕೂಡುವ ಗುರುತು ಚೆರ್ರಿ ಕಂಪನಿಯದು. ಅಮೆರಿಕದಲ್ಲಿ 1953ರಲ್ಲಿ ಶುರುವಾಗಿ ಜರ್ಮನಿಯ ಔಅರ್‌ಬಾಖ್ ಎಂಬ ಪುಟ್ಟ ಊರಿನಲ್ಲಿ ಬೇರು ಬಿಟ್ಟ ಕಂಪನಿ ಅದು. ಎಂಎಕ್ಸ್ ಸ್ವಿಚ್ ಬಂದದ್ದು 1980ರ ದಶಕದ ಆರಂಭದಲ್ಲಿ. ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು, ಟಿಟಿಸಿ ಮುಂತಾದ ಚೀನಾದ ತಯಾರಕರು ಅದೇ ಅಳತೆಯಲ್ಲಿ ಸ್ವಿಚ್ ಮಾಡಿ ಸುರಿದರು. ಒಳಗಿನ ಸ್ಪ್ರಿಂಗ್, ಪ್ಲಾಸ್ಟಿಕ್, ಸದ್ದು ಎಲ್ಲ ಅವರವರ ಇಷ್ಟ. ತಲೆಯ ಆಕಾರ ಮಾತ್ರ ಯಾರೂ ಬದಲಿಸಲಿಲ್ಲ. ಬದಲಿಸಿದರೆ ಅವರ ಸ್ವಿಚ್ಚಿಗೆ ಕೀಕ್ಯಾಪ್ ಸಿಗುವುದಿಲ್ಲವಲ್ಲ. ಯಾವ ಸರಕಾರವೂ ಆಜ್ಞೆ ಹೊರಡಿಸದೆ, ಯಾವ ಸಮಿತಿಯೂ ಕೂರದೆ ಒಂದು ಅಳತೆ ಜಗತ್ತಿಗೇ ಪ್ರಮಾಣವಾಗಿಬಿಟ್ಟಿತು. ಮೊಬೈಲ್ ಚಾರ್ಜರಿಗೆ ಇದೇ ಭಾಗ್ಯ ಬರಲು ಎಷ್ಟು ವರ್ಷ ಬೇಕಾಯಿತು ಅಂತ ನಿನಗೇ ಗೊತ್ತು.

• ಸ್ವಿಚ್ಚಿನ ಬಣ್ಣಕ್ಕೂ ಕೀಕ್ಯಾಪಿಗೂ ಸಂಬಂಧವಿಲ್ಲ. ಕೆಂಪು ನಯವಾಗಿ ಇಳಿಯುತ್ತದೆ, ಕಂದು ನಡುವೆ ಒಮ್ಮೆ ತಡೆದು ಇಳಿಯುತ್ತದೆ, ನೀಲಿ ಟಕ್ ಅನ್ನುತ್ತದೆ. ಮೂರಕ್ಕೂ ಒಂದೇ ಕೀಕ್ಯಾಪ್. “ಬ್ರೌನ್ ಸ್ವಿಚ್ಚಿಗೆ ಹೊಂದುವ ಕೀಕ್ಯಾಪ್” ಅಂತ ಯಾರಾದರೂ ಬೇರೆ ಬೆಲೆ ಹೇಳಿದರೆ ಅಂಗಡಿ ಬದಲಿಸು.

• ಸ್ಟೆಮ್ಮಿನ ಸುತ್ತ ಚೌಕಾಕಾರದ ಪುಟ್ಟ ಗೋಡೆ ಕಂಡರೆ ಗಾಬರಿ ಬೇಡ. ಅದು ಬಾಕ್ಸ್ ಸ್ವಿಚ್, ಧೂಳು ತಡೆಯಲು ಮಾಡಿದ್ದು. ನಡುವೆ ಅದೇ ಕೂಡುವ ಗುರುತು ಇರುತ್ತದೆ. ಒಂದು ಎಚ್ಚರಿಕೆ ಮಾತ್ರ. ಕೈಲ್ ಕಂಪನಿಯ ಮೊದಮೊದಲ ಬಾಕ್ಸ್ ಸ್ವಿಚ್‌ಗಳಲ್ಲಿ ಆ ಗುರುತು ಕೂದಲೆಳೆಯಷ್ಟು ದಪ್ಪ ಇದ್ದು, ದುಬಾರಿ ಕೀಕ್ಯಾಪ್‌ಗಳ ಕೊಳವೆ ಸೀಳು ಬಿಡುತ್ತಿತ್ತು. 2018ರಲ್ಲಿ ಅದು ದೊಡ್ಡ ಗದ್ದಲವಾಗಿ ಕಂಪನಿ ಅಚ್ಚು ತಿದ್ದಿಸಿತು. ಈಗ ಹೊಸದು ಕೊಂಡರೆ ಚಿಂತೆಯಿಲ್ಲ. ಯಾರೋ ಹಳೆಯ ಬೋರ್ಡ್ ಅಗ್ಗಕ್ಕೆ ಮಾರುತ್ತಿದ್ದರೆ, ಅದರಲ್ಲಿ ಆ ಕಾಲದ ಬಾಕ್ಸ್ ಸ್ವಿಚ್ ಇದ್ದರೆ, ನಿನ್ನ ಒಳ್ಳೆಯ ಸೆಟ್ಟನ್ನು ಅದಕ್ಕೆ ಹಾಕಬೇಡ.

• ಆಪ್ಟಿಕಲ್ ಸ್ವಿಚ್, ಈಗ ಆಟ ಆಡುವವರು ಮುಗಿಬೀಳುತ್ತಿರುವ ಅಯಸ್ಕಾಂತದ ಸ್ವಿಚ್, ಇವುಗಳ ಒಳಗೆ ಬೆಳಕೋ ಕಾಂತವೋ ಏನು ಬೇಕಾದರೂ ಇರಲಿ, ತಲೆ ಬಹುಮಟ್ಟಿಗೆ ಅದೇ ಎಂಎಕ್ಸ್ ಆಕಾರ. ಆದರೂ ಕಿತ್ತು ನೋಡದೆ ನಂಬಬೇಡ. ಲಾಜಿಟೆಕ್ ಹಿಂದೆ ಮಾಡುತ್ತಿದ್ದ ರೋಮರ್-ಜಿ ಸ್ವಿಚ್ಚಿನ ನಡುವೆ ದೀಪಕ್ಕಾಗಿ ಚೌಕ ಕಿಂಡಿ. ಅದಕ್ಕೆ ನಮ್ಮ ಮಾಮೂಲಿ ಕೀಕ್ಯಾಪ್ ಯಾವುದೂ ಬರುವುದಿಲ್ಲ.

• ನೀನೇನಾದರೂ ಆಫೀಸಿಗೆ ತೆಳ್ಳಗಿನ ಬೋರ್ಡ್ ಕೊಳ್ಳುವ ಯೋಚನೆಯಲ್ಲಿದ್ದರೆ ಇಲ್ಲಿ ನಿಧಾನಿಸು. ಲೋ ಪ್ರೊಫೈಲ್ ಅನ್ನುವ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಸ್ವಿಚ್‌ಗಳಿವೆ. ಕೈಲ್ ಚಾಕ್ ಸ್ವಿಚ್ಚಿನ ಮೊದಲ ಮಾದರಿಯಲ್ಲಿ ಕೂಡುವ ಗುರುತೇ ಇಲ್ಲ, ಎರಡು ಸೀಳುಗಳಿವೆ; ಅದರ ಕೀಕ್ಯಾಪಿಗೆ ಅಡಿಯಲ್ಲಿ ಎರಡು ಚಿಕ್ಕ ಕಾಲು. ಎರಡನೆಯ ಮಾದರಿಯಲ್ಲಿ ಕೂಡುವ ಗುರುತು ಬಂತು. ಗೇಟೆರಾನಿನ ತೆಳ್ಳಗಿನ ಸ್ವಿಚ್‌ಗಳಲ್ಲೂ ಅದೇ ಇದೆ. ಹಾಗಂತ ಎತ್ತರದ ಮಾಮೂಲಿ ಕೀಕ್ಯಾಪ್ ತಂದು ಅದರ ಮೇಲೆ ಕೂರಿಸಿದರೆ, ಕೂರುವುದೇನೋ ಕೂರುತ್ತದೆ, ಒತ್ತಿದಾಗ ಅದರ ಅಂಚು ಸ್ವಿಚ್ ಕೂರಿಸಿದ ತಟ್ಟೆಗೆ ಬಡಿದು ನಡುದಾರಿಯಲ್ಲೇ ನಿಲ್ಲುತ್ತದೆ. ಇನ್ನೊಂದು ತೊಡಕು ಅಂತರದ್ದು. ಸಾಮಾನ್ಯ ಬೋರ್ಡಿನಲ್ಲಿ ಒಂದು ಗುಂಡಿಯ ನಡುವಿನಿಂದ ಪಕ್ಕದ ಗುಂಡಿಯ ನಡುವಿಗೆ 19.05 ಮಿ.ಮೀ.; ಚಾಕ್‌ಗೆಂದೇ ಮಾಡಿದ ಕೆಲವು ಬೋರ್ಡ್‌ಗಳಲ್ಲಿ ಅಡ್ಡಕ್ಕೆ 18, ಉದ್ದಕ್ಕೆ 17 ಮಿ.ಮೀ. ಮಾತ್ರ. 18 ಮಿ.ಮೀ. ಅಗಲದ ಗುಂಡಿಗಳು ಅಲ್ಲಿ ಒಂದಕ್ಕೊಂದು ಮೈ ತಿಕ್ಕುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ತೆಳ್ಳಗಿನ ಬೋರ್ಡ್ ಕೊಳ್ಳುವವರು ಅದರ ಜೊತೆ ಬಂದ ಕೀಕ್ಯಾಪಿನಲ್ಲೇ ತೃಪ್ತಿಪಡುವುದು ಲೇಸು.

• ಲ್ಯಾಪ್‌ಟಾಪಿನ ಗುಂಡಿ ಈ ಲೆಕ್ಕಕ್ಕೇ ಬರುವುದಿಲ್ಲ. ಡಬ್ಬಿಯ ಮೇಲೆ “ಮೆಕ್ಯಾನಿಕಲ್ ಫೀಲ್” ಅಂತ ದೊಡ್ಡದಾಗಿ ಬರೆದ ಮೆಂಬ್ರೇನ್ ಕೀಬೋರ್ಡ್‌ಗಳನ್ನೂ ಬಿಟ್ಟುಬಿಡು.

• ಹಳೆಯ ಸಾಮಾನಿನ ಹುಚ್ಚು ನಿನ್ನ ಗೆಳೆಯರಿಗೆ ಇದ್ದರೆ ಅವರಿಗೆ ಇಷ್ಟು ಹೇಳು. 1987ರ ಆ್ಯಪಲ್ ಎಕ್ಸ್‌ಟೆಂಡೆಡ್ ಕೀಬೋರ್ಡಿನಲ್ಲಿರುವುದು ಆಲ್ಪ್ಸ್ ಸ್ವಿಚ್, ಅದರ ತಲೆ ಉದ್ದ ಚೌಕ. ಐಬಿಎಂ 1985ರಲ್ಲಿ ತಂದ ಮಾಡೆಲ್ ಎಂ ಬೋರ್ಡಿನಲ್ಲಿ ಬಾಗುವ ಸ್ಪ್ರಿಂಗ್, ಅದರ ಕೀಕ್ಯಾಪ್ ಅದಕ್ಕೇ ಸರಿ. ಜಪಾನಿನ ಟೋಪ್ರೆ ಸ್ವಿಚ್ಚಿನ ತಲೆ ದುಂಡಗೆ; ಹ್ಯಾಪಿ ಹ್ಯಾಕಿಂಗ್ ಕೀಬೋರ್ಡಿನ ಪ್ರೊಫೆಷನಲ್ ಸರಣಿಯಲ್ಲಿ ಇರುವುದು ಅದೇ. ಈ ಮೂರಕ್ಕೂ ಎಂಎಕ್ಸ್ ಕೀಕ್ಯಾಪ್ ನೇರವಾಗಿ ಕೂರುವುದಿಲ್ಲ. ಟೋಪ್ರೆಗೆ ಮಾತ್ರ ಒಳಗಿನ ಜಾರುಭಾಗ ಬದಲಿಸಿ ಕೂರಿಸಿಕೊಳ್ಳುವ ದಾರಿ ಇದೆ, ಆದರೆ ಅದಕ್ಕೆ ಇಡೀ ಬೋರ್ಡ್ ಬಿಚ್ಚಬೇಕು. ಹೊಸಬರು ಕೈ ಹಾಕುವ ಕೆಲಸವಲ್ಲ.

• ನಮ್ಮ ಕಡೆ ಹಳೆಯ ಬೋರ್ಡ್ ಅಂದರೆ ಟಿವಿಎಸ್ ಗೋಲ್ಡ್. ಬ್ಯಾಂಕ್ ಕೌಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಆ ಟಕಟಕ ನೀನೂ ಕೇಳಿರುತ್ತೀಯ. ಬಹುಕಾಲ ಅದರಲ್ಲಿ ಇದ್ದದ್ದು ಚೆರ್ರಿಯ ನೀಲಿ ಸ್ವಿಚ್ಚೇ. ಅಂದರೆ “ಮೆಕ್ಯಾನಿಕಲ್” ಅನ್ನುವುದು ಬೆಂಗಳೂರಿನ ಹುಡುಗರ ಶೋಕಿ ಆಗುವ ಎಷ್ಟೋ ಮುಂಚೆ ನಮ್ಮ ಗುಮಾಸ್ತರು, ಟೈಪಿಸ್ಟರು ಅದನ್ನು ಕುಟ್ಟಿ ಸವೆಸಿದ್ದರು. ನಿಮ್ಮ ತಂದೆಯ ಆಫೀಸಿನಿಂದ ಬಂದ ಹಳೆಯದೊಂದು ಅಟ್ಟದಲ್ಲಿದ್ದರೆ ಎಸೆಯಬೇಡ. ಅಕ್ಷರದ ಗುಂಡಿಗಳಿಗೆ ಹೊಸ ಕೀಕ್ಯಾಪ್ ಧಾರಾಳವಾಗಿ ಕೂರುತ್ತದೆ. ಉದ್ದದ ಗುಂಡಿಗಳನ್ನು ಮಾತ್ರ ಅಳೆದು ನೋಡಿಯೇ ಮುಂದುವರಿಯಬೇಕು.

• ಅಳೆಯುವುದು ಹೇಗೆ ಅಂತ ಈಗ ಹೇಳುತ್ತೇನೆ, ಇಲ್ಲಿ ಸ್ವಲ್ಪ ಗಮನ ಇಡು. ಒಂದು ಅಕ್ಷರದ ಗುಂಡಿ ಹಿಡಿಯುವ ಜಾಗ 1 ಯು. ಅದು 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಗುಂಡಿಗಳ ನಡುವೆ ಸಂದು ಬೇಕಲ್ಲ, ಹಾಗಾಗಿ ಗುಂಡಿ ಮಾತ್ರ ಅಳೆದರೆ 18 ಮಿ.ಮೀ. ಚಿಲ್ಲರೆ ಬರುತ್ತದೆ. ಯಾವ ಗುಂಡಿಯ ಅಳತೆ ಬೇಕೋ ಅದರ ಬುಡದ ಅಗಲವನ್ನು ಸ್ಕೇಲಿನಲ್ಲಿ ಹಿಡಿ. ನೆತ್ತಿಯ ಅಗಲ ಅಲ್ಲ, ಬುಡದ್ದು. ಅದಕ್ಕೆ 1 ಮಿ.ಮೀ. ಸೇರಿಸಿ 19.05ರಿಂದ ಭಾಗಿಸು. ಸ್ಪೇಸ್‌ಬಾರ್ 118 ಮಿ.ಮೀ. ಇದ್ದರೆ 6.25 ಯು. 132 ಇದ್ದರೆ 7 ಯು. 123ರ ಆಸುಪಾಸು ಬಂದರೆ 6.5 ಯು, ಆಗ ಕೊಳ್ಳುವ ಮೊದಲು ನನಗೊಂದು ಫೋನ್ ಮಾಡು.

• ಕೆಳಗಿನ ಸಾಲೇ ನಿಜವಾದ ಪರೀಕ್ಷೆ. ಕ್ಯೂನಿಂದ ಎಂ ತನಕ ಅಕ್ಷರಗಳೆಲ್ಲ 1 ಯು, ಅವು ಎಲ್ಲ ಬೋರ್ಡಿಗೂ ಆಗುತ್ತವೆ. ಕಂಟ್ರೋಲ್, ವಿಂಡೋಸ್, ಆಲ್ಟ್, ಸ್ಪೇಸ್ ಇರುವ ಸಾಲಿನಲ್ಲಿ ತಯಾರಕರು ತಮ್ಮ ಇಷ್ಟ ನಡೆಸುತ್ತಾರೆ. ಪ್ರಮಾಣ ಅನ್ನಿಸಿಕೊಂಡ ಲೆಕ್ಕ ಹೀಗಿದೆ: 1.25 ಯು ಅಳತೆಯ ಏಳು ಗುಂಡಿ, ಒಂದು 6.25 ಯು ಸ್ಪೇಸ್‌ಬಾರ್, ಒಟ್ಟು 15 ಯು. ಅದೇ 15 ಯು ಜಾಗವನ್ನು 1.5, 1, 1.5, ನಡುವೆ 7, ಮತ್ತೆ 1.5, 1, 1.5 ಅಂತಲೂ ಹಂಚಬಹುದು; ಶೋಕಿಯ ಬೋರ್ಡ್‌ಗಳಲ್ಲಿ ಇದು ಹೆಚ್ಚು. ಆಟದ ಬೋರ್ಡ್ ಅಂತ ಮಾರಾಟವಾಗುತ್ತಿದ್ದ ಹಳೆಯ ಕೆಲವು ಮಾದರಿಗಳಲ್ಲಿ ವಿಂಡೋಸ್ ಗುಂಡಿ 1 ಯು, ಸ್ಪೇಸ್ 6.5 ಯು. ಅಂಥದಕ್ಕೆ ಮಾಮೂಲಿ ಸೆಟ್ ಹಾಕಿದರೆ ಮೇಲಿನ ಸಾಲುಗಳೆಲ್ಲ ಹೊಸ ಬಣ್ಣದಲ್ಲಿ ಮಿಂಚಿ, ಕೆಳಗಿನ ಸಾಲು ಹಳೆಯ ಕಪ್ಪಿನಲ್ಲೇ ಉಳಿಯುತ್ತದೆ. ಅಂಥ ಅರೆಬರೆ ಬೋರ್ಡ್‌ಗಳನ್ನು ಮೇಜಿನ ಮೇಲೆ ನೋಡಿದ್ದೇನೆ. ಒಡೆಯರು “ಡಿಸೈನೇ ಹಾಗೆ” ಅನ್ನುತ್ತಾರೆ.

• ನಿನ್ನದು ಬಾಣದ ಗುಂಡಿಗಳನ್ನು ಒತ್ತಾಗಿ ಕೂರಿಸಿದ 65 ಶೇಕಡಾ ಬೋರ್ಡ್ ಅಲ್ಲವೇ? ಹಾಗಿದ್ದರೆ ಬಲಗಡೆಯ ಶಿಫ್ಟ್ 1.75 ಯು ಇರುತ್ತದೆ, ದೊಡ್ಡ ಬೋರ್ಡಿನ 2.75 ಯು ಶಿಫ್ಟ್ ಅಲ್ಲಿ ಹಿಡಿಸುವುದಿಲ್ಲ. ಸ್ಪೇಸಿನ ಬಲಕ್ಕೆ ಆಲ್ಟ್, ಫಂಕ್ಷನ್, ಕಂಟ್ರೋಲ್ ಮೂರೂ 1 ಯು ಇರುವುದು ರೂಢಿ. ಸೆಟ್ಟಿನ ಪಟ್ಟಿಯಲ್ಲಿ ಈ ನಾಲ್ಕನ್ನು ಬೆರಳಿಟ್ಟು ಹುಡುಕು. “104 ಗುಂಡಿ ಇದೆ, ನಿನ್ನದು 68 ಅಷ್ಟೇ, ಧಾರಾಳ ಸಾಲುತ್ತೆ” ಅನ್ನುವ ಮಾತು ಕೇಳಬೇಡ. ಎಷ್ಟು ಗುಂಡಿ ಅನ್ನುವುದಲ್ಲ, ಯಾವ ಅಳತೆಯ ಗುಂಡಿ ಅನ್ನುವುದೇ ಪ್ರಶ್ನೆ. 130, 140 ಗುಂಡಿಗಳ ಸೆಟ್ಟಿಗೆ ಇನ್ನೂರು ಮುನ್ನೂರು ಹೆಚ್ಚಾದರೂ ಕೊಡು, ನಾಳೆ ಬೋರ್ಡ್ ಬದಲಿಸಿದರೂ ಅದು ಜೊತೆಗೆ ಬರುತ್ತದೆ.

• ಎಂಟರ್ ಗುಂಡಿಯ ಆಕಾರ ನೋಡು. ಅಡ್ಡಡ್ಡ ಉದ್ದವಾಗಿದ್ದರೆ ಅಮೆರಿಕದ ಪದ್ಧತಿ, ನಮ್ಮಲ್ಲಿ ಸಿಗುವುದು ಬಹುತೇಕ ಅದೇ. ಎರಡು ಸಾಲು ಎತ್ತರಕ್ಕೆ ನಿಂತಿದ್ದರೆ ಯುರೋಪಿನ ಪದ್ಧತಿ. ಅದರಲ್ಲಿ ಎಡಗಡೆಯ ಶಿಫ್ಟ್ ಕೂಡ ಚಿಕ್ಕದಾಗಿ ಪಕ್ಕದಲ್ಲೊಂದು ಗುಂಡಿ ಹೆಚ್ಚಿಗೆ ಬಂದಿರುತ್ತದೆ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ಅಣ್ಣ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತಂದುಕೊಡುವ ಬೋರ್ಡ್‌ಗಳಲ್ಲಿ ಇದು ಗಮನಕ್ಕೇ ಬರುವುದಿಲ್ಲ, ಸೆಟ್ ಮನೆಗೆ ಬಂದ ಮೇಲೆ ತಿಳಿಯುತ್ತದೆ.

• 2 ಯು ಮತ್ತು ಅದಕ್ಕಿಂತ ಉದ್ದದ ಗುಂಡಿಗಳ ಅಡಿಯಲ್ಲಿ ಸ್ವಿಚ್ ಒಂದೇ ಇದ್ದರೂ ಅಕ್ಕಪಕ್ಕ ಎರಡು ಆಸರೆ ಇರುತ್ತವೆ, ಒಂದು ತಂತಿ ಅವನ್ನು ಬೆಸೆದಿರುತ್ತದೆ. ಸ್ಟೆಬಿಲೈಸರ್ ಅನ್ನುವುದು ಇದನ್ನೇ. ಬ್ಯಾಕ್‌ಸ್ಪೇಸ್, ಎಂಟರ್, ಎರಡು ಉದ್ದ ಶಿಫ್ಟ್, ಇವೆಲ್ಲಕ್ಕೂ ಆಸರೆಗಳ ನಡುವಿನ ಅಂತರ ಒಂದೇ, ಸುಮಾರು 24 ಮಿ.ಮೀ. ಹಾಗಾಗಿ ಅಲ್ಲಿ ತಕರಾರು ಕಡಿಮೆ. ಸ್ಪೇಸ್‌ಬಾರಿನದು ಹಾಗಲ್ಲ: 6.25 ಯುಗೆ 100 ಮಿ.ಮೀ., 7 ಯುಗೆ 114.3 ಮಿ.ಮೀ. ಕೆಲವು 6 ಯು ಸ್ಪೇಸ್‌ಬಾರ್‌ಗಳಲ್ಲಿ ನಡುವಿನ ತೂತೇ ನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಆದ್ದರಿಂದ ಉದ್ದ ಸರಿಯಿದ್ದರೆ ಸಾಲದು. ಹೊಸ ಸ್ಪೇಸ್‌ಬಾರನ್ನು ಬೋರಲು ಮಾಡಿ, ತೂತುಗಳ ಸಾಲನ್ನು ಹಳೆಯದರ ಪಕ್ಕ ಇಟ್ಟು ನೋಡು.

• ಸ್ಟೆಬಿಲೈಸರಿನಲ್ಲೂ ಎರಡು ಜಾತಿ. ಚೆರ್ರಿ ಮಾದರಿಯಲ್ಲಿ ಆಸರೆಗಳ ತಲೆಯೂ ಕೂಡುವ ಗುರುತೇ, ಗುಂಡಿಯನ್ನು ಇಟ್ಟು ಒತ್ತಿದರೆ ಮುಗಿಯಿತು. ಕೋಸ್ಟಾರ್ ಮಾದರಿಯಲ್ಲಿ ತಂತಿ ಬಂದು ಗುಂಡಿಯ ಒಳಗಿನ ಪುಟ್ಟ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಹಳೆಯ ಬೋರ್ಡುಗಳಲ್ಲಿ ಇದು ಕಾಣಸಿಗುತ್ತದೆ. ಎಳೆದಾಗ ಗುಂಡಿ ಅರ್ಧ ಬಂದು ಯಾವುದೋ ತಂತಿ ಹಿಡಿದುಕೊಂಡಂತೆ ಅನ್ನಿಸಿದರೆ ಅಲ್ಲೇ ನಿಲ್ಲಿಸು, ಬಲ ಹಾಕಬೇಡ. ಗುಂಡಿಯನ್ನು ಒಂದು ಬದಿಗೆ ವಾಲಿಸಿ ತಂತಿಯನ್ನು ಚಿಮಟದಿಂದ ಬಿಡಿಸು. ಆ ಪುಟ್ಟ ಕೊಕ್ಕೆಗಳನ್ನು ಹಳೆಯ ಗುಂಡಿಯಿಂದ ತೆಗೆದು ಹೊಸದಕ್ಕೆ ಹಾಕಬೇಕಾಗುತ್ತದೆ; ಹೊಸ ಸೆಟ್ಟಿನ ಜೊತೆ ಅವು ಬರುವುದು ಅಪರೂಪ.

• ಇನ್ನು ಪ್ರೊಫೈಲ್. ಪಕ್ಕದಿಂದ ನೋಡಿದರೆ ಗುಂಡಿಗಳು ಸಾಲಿನಿಂದ ಸಾಲಿಗೆ ಎತ್ತರ, ಓರೆ ಬದಲಿಸುತ್ತವೆ. ಬೋರ್ಡಿನ ಜೊತೆ ಬರುವುದು ಸಾಮಾನ್ಯವಾಗಿ ಓಇಎಂ. ಅದಕ್ಕಿಂತ ಸ್ವಲ್ಪ ಗಿಡ್ಡ ಚೆರ್ರಿ ಪ್ರೊಫೈಲ್. ಹಳೆಯ ಟರ್ಮಿನಲ್‌ಗಳ ನೆನಪು ತರುವ ಎಸ್‌ಎ ಬಲು ಎತ್ತರ, ಮೇಲಿನ ಸಾಲು 16 ಮಿ.ಮೀ. ಮುಟ್ಟುತ್ತದೆ. ಡಿಎಸ್‌ಎ, ಎಕ್ಸ್‌ಡಿಎ ಇವುಗಳಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ಸ್ವಿಚ್ಚಿಗೆ ಇವೆಲ್ಲ ಒಂದೇ, ಬೆರಳಿಗೆ ಅಲ್ಲ. ಎರಡು ಪ್ರೊಫೈಲ್ ಬೆರೆಸಬೇಡ, ಎಸ್ಕೇಪ್ ಗುಂಡಿಯೊಂದನ್ನು ಬಿಟ್ಟು. ಅಲ್ಲಿ ಹುಲಿಯ ಪಂಜವೋ ಬೆಕ್ಕಿನ ಮುಖವೋ ಏನು ಬೇಕಾದರೂ ಇಟ್ಟುಕೋ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಎತ್ತರದ ಸೆಟ್ ಕೊಂಡರೆ ಮಣಿಕಟ್ಟಿನ ಕೆಳಗೆ ಆಸರೆ ಬೇಕಾದೀತು, ಅದರ ಖರ್ಚನ್ನೂ ಸೇರಿಸಿಕೋ.

• ಸಾಲು ತಪ್ಪಿಸಿ ಕೂರಿಸಬೇಡ. ಓಇಎಂ, ಚೆರ್ರಿ ಸೆಟ್‌ಗಳಲ್ಲಿ ಪ್ರತಿ ಗುಂಡಿಯೂ ತನ್ನ ಸಾಲಿಗೆಂದೇ ಕೊರೆದದ್ದು. ಬಲ ಅಂಚಿನ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಗುಂಡಿಗಳು ನಿನ್ನ ಬೋರ್ಡಿನಲ್ಲಿ ಬೇರೆ ಬೇರೆ ಸಾಲಿನಲ್ಲಿರುತ್ತವೆ. ದೊಡ್ಡ ಬೋರ್ಡಿಗೆ ಮಾಡಿದ ಸೆಟ್ಟಿನಲ್ಲಿ ಅವು ಎರಡೇ ಸಾಲಿನವು. ಕೂಡುವ ಗುರುತು ಹೊಂದಿ ಕೂತರೂ ಒಂದು ಗುಂಡಿ ಮೂತಿ ಎತ್ತಿರುತ್ತದೆ, ಇನ್ನೊಂದು ತಗ್ಗಿರುತ್ತದೆ.

• ಒತ್ತಿದಾಗ ತಾಗುವ ತೊಂದರೆ ಹೆಚ್ಚಾಗಿ ಕಾಣುವುದು ಒಂದೇ ಜೋಡಿಯಲ್ಲಿ: ಚೆರ್ರಿ ಪ್ರೊಫೈಲಿನ ಕೀಕ್ಯಾಪ್, ದೀಪದ ಕಿಂಡಿ ಪರದೆಯ ಕಡೆಗೆ ಇರುವ ಸ್ವಿಚ್. ಇದನ್ನು ಉತ್ತರಮುಖಿ ಅನ್ನುತ್ತಾರೆ. ಕಿಂಡಿ ಆ ಕಡೆ ಹೋದಾಗ ಸ್ವಿಚ್ ಕವಚದ ದಪ್ಪ ಭಾಗ ನಿನ್ನ ಕಡೆಗೆ ತಿರುಗುತ್ತದೆ, ಗಿಡ್ಡ ಕೀಕ್ಯಾಪಿನ ಒಳಗೋಡೆ ಅದಕ್ಕೆ ಬಡಿಯುತ್ತದೆ. ಎ, ಎಸ್, ಡಿ ಇರುವ ನಡುಸಾಲಿನಲ್ಲಿ ಇದು ಹೆಚ್ಚು. ಪತ್ತೆ ಹಚ್ಚಲು ಯಂತ್ರ ಬೇಡ: ನಡುಸಾಲಿನ ಗುಂಡಿಯನ್ನು ಪೂರ್ತಿ ಒತ್ತಿ ಅದರ ಸದ್ದು ಕೇಳು, ಆಮೇಲೆ ಮೇಲಿನ ಸಾಲಿನದು ಕೇಳು. ನಡುಸಾಲಿನಲ್ಲಿ ಮೊಂಡು, ಗೊಗ್ಗರು ಸದ್ದು ಬಂದರೆ ತಾಗುತ್ತಿದೆ ಅಂತ ಲೆಕ್ಕ. ಬೋರ್ಡ್ ಇನ್ನೂ ಕೊಂಡಿಲ್ಲದವರು ದಕ್ಷಿಣಮುಖಿ ಕೇಳಿ ಪಡೆಯಲಿ. ಕೊಂಡಾಗಿದೆ ಅನ್ನುವವರು ಓಇಎಂ ಪ್ರೊಫೈಲ್ ಹಾಕಿಕೊಳ್ಳಲಿ, ಇಲ್ಲವೇ ಕೀಕ್ಯಾಪಿನ ಕೊಳವೆಗೆ ತೆಳ್ಳನೆಯ ರಬ್ಬರ್ ಉಂಗುರ ತೊಡಿಸಲಿ. ಉಂಗುರ ಹಾಕಿದರೆ ಗುಂಡಿ ಇಳಿಯುವ ಆಳ ಕೊಂಚ ಕಡಿಮೆಯಾಗುತ್ತದೆ, ಕೆಲವರಿಗೆ ಅದು ಮೆತ್ತಗೆ ಅನ್ನಿಸುತ್ತದೆ. ನನಗಂತೂ ಹಿಡಿಸುವುದಿಲ್ಲ. ಆದರೆ ಅಕ್ಷರದ ಒಳಗಿಂದ ಬೆಳಕು ಸೂಸುವ ಕೀಕ್ಯಾಪ್ ಬೇಕು ಅನ್ನುವವರಿಗೆ ಉತ್ತರಮುಖಿಯೇ ಸರಿ, ಯಾಕೆಂದರೆ ಅಕ್ಷರ ಕೊರೆದಿರುವುದು ಗುಂಡಿಯ ಮೇಲ್ಭಾಗದಲ್ಲಿ, ಪರದೆಯ ಕಡೆಗೆ.

• ಪಿಬಿಟಿ, ಎಬಿಎಸ್ ಅನ್ನುವ ಎರಡು ಪ್ಲಾಸ್ಟಿಕ್ಕಿನ ಜಗಳಕ್ಕೆ ನೀನು ಹೋಗಬೇಡ. ಎಬಿಎಸ್ ಬೇಗ ಎಣ್ಣೆ ಹಚ್ಚಿದಂತೆ ಹೊಳೆಯತೊಡಗುತ್ತದೆ, ಪಿಬಿಟಿ ತಡೆಯುತ್ತದೆ. ಕೂರುವ ವಿಷಯಕ್ಕೆ ಬಂದರೆ ಲೆಕ್ಕ ತಿರುಗಾಮುರುಗಾ. ಪಿಬಿಟಿ ಅಚ್ಚಿನಿಂದ ಹೊರಬಂದು ಆರುವಾಗ ಹೆಚ್ಚು ಕುಗ್ಗುತ್ತದೆ. ಚಿಕ್ಕ ಗುಂಡಿಯಲ್ಲಿ ಅದು ತಿಳಿಯುವುದಿಲ್ಲ, ಸ್ಪೇಸ್‌ಬಾರಿನಲ್ಲಿ ಸೊಟ್ಟವಾಗಿ ಕಾಣಿಸಿಕೊಳ್ಳುತ್ತದೆ. ಸೆಟ್ ಬಂದ ದಿನವೇ ಸ್ಪೇಸ್‌ಬಾರನ್ನು ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇಟ್ಟು ಎರಡು ತುದಿ ಒತ್ತಿ ನೋಡು. ಕಾಲು ಸಮ ಇಲ್ಲದ ಮಣೆಯಂತೆ ಆಡಿದರೆ ಬದಲಿ ಕೇಳು. ಬದಲಿ ಕೊಡಲಿಲ್ಲವೋ, ಕುದಿ ಇಳಿದ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು ಎದುರು ದಿಕ್ಕಿಗೆ ಮೆಲ್ಲಗೆ ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಬಿಡು. ಪಿಬಿಟಿಗೆ ಮಾತ್ರ ಈ ಉಪಾಯ.

• ಕೀಳುವುದಕ್ಕೆ ತಂತಿಯ ಪುಲ್ಲರ್ ತಗೋ. ಬೋರ್ಡಿನ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಉಂಗುರ ಗುಂಡಿಯ ಪಕ್ಕೆಗಳನ್ನು ಗೀಚುತ್ತದೆ. ತಂತಿಯನ್ನು ಎರಡು ಮೂಲೆಗಳಿಗೆ ಕೋನವಾಗಿ ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಎಳೆ. ಬರದಿದ್ದರೆ ಅತ್ತಿತ್ತ ಕೊಂಚ ಅಲುಗಿಸು, ಒಂದೇ ಬದಿಯಿಂದ ಮೀಟಬೇಡ. ಸ್ಟೆಮ್ಮಿನ ಕಾಲು ಮುರಿಯುವುದು ಮೀಟುವುದರಿಂದಲೇ. ಸ್ಕ್ರೂಡ್ರೈವರ್, ಚಮಚ, ಬೆಣ್ಣೆ ಹಚ್ಚುವ ಚಾಕು ಯಾವುದನ್ನೂ ಹತ್ತಿರ ತರಬೇಡ. ಸ್ವಿಚ್ ಬದಲಿಸಬಹುದಾದ ಹಾಟ್‌ಸ್ವಾಪ್ ಬೋರ್ಡಿನಲ್ಲಿ ಕೆಲವು ಸಲ ಗುಂಡಿಯ ಜೊತೆ ಸ್ವಿಚ್ಚೂ ಎದ್ದು ಬರುತ್ತದೆ. ಹೆದರಬೇಡ, ಅದರ ಎರಡು ತಾಮ್ರದ ಕಾಲು ನೆಟ್ಟಗಿವೆಯೇ ನೋಡಿ, ಬೋರ್ಡಿನ ಅಡಿಯಿಂದ ಕೈ ಕೊಟ್ಟು ಹಿಂದಕ್ಕೆ ಒತ್ತು. ಕಾಲು ಮಡಚಿಕೊಂಡಿದ್ದರೆ ಚಿಮಟದಲ್ಲಿ ನೆಟ್ಟಗೆ ಮಾಡಿದ ಮೇಲೆಯೇ ಒತ್ತು.

• ಶುರು ಮಾಡುವ ಮೊದಲು ಕೇಬಲ್ ಕಿತ್ತಿಡು, ಮೊಬೈಲಿನಲ್ಲಿ ಬೋರ್ಡಿನ ಒಂದು ಫೋಟೊ ತೆಗೆದಿಡು. ಅಕ್ಷರಗಳ ಜಾಗ ಕೈಗೆ ಗೊತ್ತಿರುತ್ತದೆ, ಪ್ರಿಂಟ್ ಸ್ಕ್ರೀನ್ ಎಲ್ಲಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

• ಹಾಕುವಾಗ ತೂತನ್ನು ಕೂಡುವ ಗುರುತಿಗೆ ಸರಿಯಾಗಿ ಇಟ್ಟು ನೆತ್ತಿಯ ನಡುವೆ ಹೆಬ್ಬೆರಳಿನಿಂದ ಒತ್ತು. ಸುಲಭಕ್ಕೆ ಇಳಿಯದಿದ್ದರೆ ಬಲ ಹಾಕುವ ಮುಂಚೆ ತೂತಿನೊಳಗೆ ಪ್ಲಾಸ್ಟಿಕ್ಕಿನ ಎಳೆ ಉಳಿದಿದೆಯೇ ನೋಡು, ಅಗ್ಗದ ಸೆಟ್‌ಗಳಲ್ಲಿ ಅದು ಮಾಮೂಲು. ಬಿಗಿಯಾಗಿದೆ ಅಂತ ಎಣ್ಣೆ ಬಿಡಬೇಡ, ಅದು ಸ್ವಿಚ್ಚಿನೊಳಗೆ ಇಳಿದು ಧೂಳು ಹಿಡಿಯುತ್ತದೆ. ಸಡಿಲವಾಗಿದೆ ಅಂತ ಫೆವಿಕ್ವಿಕ್ ಹಾಕುವ ಮಹಾಶಯರೂ ಇದ್ದಾರೆ; ಒಂದು ಹನಿ ಕೆಳಗೆ ಇಳಿದರೆ ಗುಂಡಿ, ಸ್ವಿಚ್ ಎರಡೂ ಜನ್ಮಕ್ಕೆ ಅಂಟಿಕೊಂಡವು. ಅಡುಗೆಮನೆಯ ತೆಳ್ಳನೆಯ ಕ್ಲಿಂಗ್ ಫಿಲ್ಮಿನ ಚೂರು ಸ್ಟೆಮ್ಮಿನ ಮೇಲಿಟ್ಟು ಅದರ ಮೇಲೆ ಕೀಕ್ಯಾಪ್ ಒತ್ತಿದರೆ ಹಿಡಿತ ಬರುತ್ತದೆ, ಹೊರಗೆ ಕಾಣುವ ಭಾಗ ಕತ್ತರಿಸಿಬಿಡು. ಕೊಳವೆಯೇ ಸೀಳಿದ್ದರೆ ಆ ಗುಂಡಿಯ ಆಸೆ ಬಿಡು.

• ತೊಳೆಯುವುದಾದರೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಹಳೆಯ ಟೂತ್‌ಬ್ರಷ್. ನೇಲ್ ಪಾಲಿಶ್ ತೆಗೆಯುವ ದ್ರವ ಮಾತ್ರ ಬೇಡವೇ ಬೇಡ, ಅದರಲ್ಲಿರುವ ಅಸಿಟೋನ್ ಎಬಿಎಸ್ ಅನ್ನು ಕರಗಿಸುತ್ತದೆ. ಬಟ್ಟೆಯ ಮೇಲೆ ಬೋರಲು ಹಾಕಿ ನೆರಳಿನಲ್ಲಿ ಒಂದು ಇಡೀ ದಿನ ಒಣಗಿಸು. ಮೇಲೆ ಒಣಗಿದಂತೆ ಕಂಡರೂ ಕೊಳವೆಯ ತೂತಿನಲ್ಲಿ ನೀರು ಕೂತಿರುತ್ತದೆ, ಅವಸರ ಮಾಡಿದರೆ ಅದು ನೇರ ಸ್ವಿಚ್ಚಿಗೆ.

• ಕನ್ನಡ ಅಕ್ಷರದ ಕೀಕ್ಯಾಪ್ ಬೇಕು ಅಂದಿದ್ದೆಯಲ್ಲ. ನೀನು ಬೆರಳಚ್ಚು ಮಾಡುವುದು ಕೆ.ಪಿ. ರಾವ್ ವಿನ್ಯಾಸದಲ್ಲಿ, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಕ ಬೇಕಾದರೆ ಕೆ, ಮ ಬೇಕಾದರೆ ಎಂ ಒತ್ತುವ ಆ ಜಾಣ ವಿನ್ಯಾಸಕ್ಕೆ ಗುಂಡಿಯ ಮೇಲೆ ಕನ್ನಡ ಬರೆದಿರಲೇಬೇಕು ಅಂತಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿಯುವವರಿಗೆ ಬೇಕಾಗುತ್ತದೆ. ಅಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ, ಇಂಗ್ಲಿಷ್ ಅಕ್ಷರಕ್ಕೂ ಅದಕ್ಕೂ ತಾಳಮೇಳ ಇಲ್ಲ. ಅಂಥವರು ಸ್ಟಿಕ್ಕರ್ ಹಚ್ಚಿಕೊಳ್ಳುವುದು ಅಗ್ಗದ ದಾರಿ. ಎಫ್ ಮತ್ತು ಜೆ ಗುಂಡಿಯ ಮೇಲಿನ ಸಣ್ಣ ಉಬ್ಬು ಮುಚ್ಚಿಹೋಗದಂತೆ ಸ್ಟಿಕ್ಕರನ್ನು ಕೊಂಚ ಮೇಲಕ್ಕೆ ಹಚ್ಚಬೇಕು, ಬೆರಳು ತನ್ನ ಜಾಗ ಗುರುತಿಸುವುದು ಆ ಉಬ್ಬಿನಿಂದಲೇ.

• ಕೊಳ್ಳುವಾಗ ಕೀಕ್ಯಾಪಿನ ಅಡಿಭಾಗದ ಫೋಟೊ ಕೇಳು. ಮೇಲಿನ ಫೋಟೊ ಎಲ್ಲರೂ ಹಾಕುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಗೆ ಹೋಗುವುದಾದರೆ ಬೋರ್ಡನ್ನೇ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗು, ನಾಚಿಕೆ ಬೇಡ. ಅಲ್ಲೇ ಸ್ಪೇಸ್‌ಬಾರ್, ಬಲ ಶಿಫ್ಟ್, ಒಂದು ಆಲ್ಟ್ ಕೂರಿಸಿ ನೋಡಿ ದುಡ್ಡು ಕೊಡು. ಹೊರದೇಶದಿಂದ ತರಿಸಿದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ ಬೀಳಬಹುದು, ಹೊಂದದಿದ್ದರೆ ವಾಪಸ್ ಕಳಿಸುವ ಖರ್ಚು ಸೆಟ್ಟಿನ ಬೆಲೆಯನ್ನೇ ಮೀರಬಹುದು. ಮೊದಲ ಸೆಟ್ ಇಲ್ಲೇ ಕೊಂಡುಕೋ.

• ಹಳೆಯ ಗುಂಡಿಗಳನ್ನು ಎಸೆಯಬೇಡ. ಒಂದು ಜಿಪ್ ಕವರಿನಲ್ಲಿ ಹಾಕಿ, ಮೇಲೆ ಬೋರ್ಡಿನ ಹೆಸರು ಬರೆದು, ಡಬ್ಬಿಯೊಳಗೇ ಇಡು. ವಾರಂಟಿಗೆ ಕಳಿಸುವಾಗ ಬೋರ್ಡ್ ಬಂದ ಹಾಗೆಯೇ ಇರಲಿ ಅನ್ನುವವರಿದ್ದಾರೆ. ಮಾರುವ ಮನಸ್ಸಾದರೆ ಮೂಲ ಗುಂಡಿಗಳ ಜೊತೆ ಮಾರು, ಹೊಸ ಸೆಟ್ ನಿನ್ನ ಹತ್ತಿರವೇ ಉಳಿಯುತ್ತದೆ.